‘ತಗಿ’ ಎಂಬ ಒಂದು ಆಜ್ಞೆ

ದೇವದುರ್ಗದ ಸ್ಟುಡಿಯೋ ಮಾಲಕರು ಆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ನನ್ನ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದವರು, ಹೊಸ ಗಿರಾಕಿಗಳೆಲ್ಲ ಮಾಡುವಂತೆ, ನನ್ನ ತಲೆಯ ಮೇಲಿಂದ ಒಳಗೆ ಇಣುಕಿದರು.

"ರಿಪೇರಿ ಮಾಡೋರು ಇಲ್ಲೇನ್ರಿ?"

"ನಿಮ್ಮ ಎದುರಿಗೇ ಕುಂತಾರ. ಚಂದಗೆ ನೋಡ್ರಿ," ಅಂದೆ.

ಪಾಪ, ಬಹಳ ನಾಚಿಕೊಂಡರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ಆಮೇಲೆ ಕೊನೆಯವರೆಗೆ ‘ಅಕ್ಕಾರ’ ಅಂತಲೇ ಕರೆದರು. ಟವೆಲ್ ಬಿಚ್ಚಿದರೆ ಒಳಗೆ ನೆಟ್‌ವರ್ಕ್ ಸ್ಟೋರೇಜ್ ಡಬ್ಬಿ. ನಾಲ್ಕು ಹಾರ್ಡ್ ಡಿಸ್ಕ್ ಹಿಡಿಸುವ ಪೆಟ್ಟಿಗೆ ಅದು. ವೈರ್ ಚುಚ್ಚಿಟ್ಟರೆ ಅಂಗಡಿಯ ಎಲ್ಲ ಕಂಪ್ಯೂಟರುಗಳೂ ಅದರೊಳಗೆ ವಿಡಿಯೋ ತುಂಬಬಹುದು. ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿ, ಅವತ್ತಿನಿಂದ ನೀಲಿ ದೀಪ ಮಿಟುಕುವುದು ಬಿಟ್ಟರೆ ಬೇರೇನೂ ಇಲ್ಲ. ಕಂಪನಿಗೆ ಫೋನ್ ಮಾಡಿದರೆ, ಈ ಮಾಡೆಲ್ ನಾವು ಕೈಬಿಟ್ಟಿದ್ದೇವೆ, ಫ್ಯಾಕ್ಟರಿ ರೀಸೆಟ್ ಮಾಡಿ, ಒಳಗಿದ್ದದ್ದು ಅಳಿಸಿ ಹೋಗುತ್ತದೆ ಅಂದರಂತೆ.

"ಹೋದ್ರ ಹೋಗ್ಲಿ ಅನ್ನೋ ಮಾಲ್ ಅಲ್ರಿ ಅಕ್ಕಾರ ಇದು," ಅಂದರು ಮಾಲಕರು. ಕುರ್ಚಿ ಕೊಟ್ಟೆ. ಕೂತು ಹೇಳಿದರು.

ಮಾನ್ವಿ ಕಡೆ ಕುರ್ಡಿಯಲ್ಲಿ ಒಬ್ಬಾಕೆ ಇದ್ದಾರೆ. ಕುರಿ ಸಾಕುವ ಮನೆತನ. ಸುತ್ತಲ ಹಳ್ಳಿಗಳ ಮದುವೆಗಳಲ್ಲಿ ಅರಿಶಿಣ ಹಚ್ಚಲಿ, ಸುರಗಿ ನೀರು ಹಾಕಲಿ, ಸೋಬಾನ ಪದಕ್ಕೆ ಆಕೆಯೇ ಬೇಕು. ಎಲ್ಲರೂ ಆಕೆಗೆ ಯವ್ವ ಅಂತಲೇ ಅನ್ನುವುದು. ಈಚೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಪೂರಾ ಹೋಯಿತು. ಮಗಳು ದೇವದುರ್ಗದ ಸ್ಟುಡಿಯೋಕ್ಕೆ ಬಂದು, ನಮ್ಮವ್ವನ ದನಿ ನಿಮ್ಮ ಹತ್ರ ಇರಬೇಕಲ್ರೀ ಅಂತ ಕೇಳಿದ್ದಾಳೆ.

"ಮದುವಿ ಮನೆಯವರ ಹತ್ರ ವಿಡಿಯೋ ಇರ್ತಾವಲ್ರಿ?"

"ಅದಾವ್ರಿ. ಆದ್ರ ಎಡಿಟ್ ಮಾಡುವಾಗ ನಾವು ಮೂಲ ಸೌಂಡ್ ತಗದು ಸಿನಿಮಾ ಹಾಡು ಹಾಕ್ತೀವಿ. ಜನ ಅದನ್ನೇ ಕೇಳ್ತಾರ."

"ಫೋನಿನಾಗ?"

"ಡಿಜೆ ಗದ್ಲದಾಗ ಏನೂ ತಿಳ್ಯಂಗಿಲ್ರಿ. ಆಕಿ ದನಿ ಇರೋದು ನಮ್ಮ ಕಚ್ಚಾ ವಿಡಿಯೋದಾಗ ಮಾತ್ರ. ಅದು ಇರೋದು ಈ ಡಬ್ಬ್ಯಾಗ."

ಹೇಳುತ್ತಾ ಹೇಳುತ್ತಾ ಅವರು ಆ ಡಬ್ಬಿಯ ಮೇಲೆ ಕೈ ಇಟ್ಟರು, ಜ್ವರ ಬಂದ ಕೂಸಿನ ಮೇಲೆ ಇಡುವ ಹಾಗೆ. ಅಲ್ಲಿಗೆ ನಾನು ಸಿಕ್ಕಿಕೊಂಡೆ. ಇದನ್ನು ಆಗಲ್ಲ ಅಂತ ಕಳಿಸುವುದು ನನ್ನಿಂದ ಆಗಲಿಲ್ಲ.

ಡಬ್ಬಿ ಬಿಚ್ಚಿ ನೋಡಿದೆ. ಬೋರ್ಡ್ ಸರಿ ಇತ್ತು, ಬೋರ್ಡಿನ ಮೇಲಿನ ಚಿಪ್ಪಿನಲ್ಲಿದ್ದ ಕಂಪನಿಯ ಸಾಫ್ಟ್‌ವೇರ್ ಅರ್ಧಕ್ಕೆ ಹರಿದಿತ್ತು. ನಾಲ್ಕು ಡಿಸ್ಕ್ ಒಮ್ಮೆಲೇ ಹಿಡಿಸುವ ಬೇರೆ ಮಷಿನ್ ನನ್ನ ಹತ್ತಿರ ಇರಲಿಲ್ಲ. ಇದ್ದ ದಾರಿ ಒಂದೇ. ಕಂಪನಿಯದನ್ನು ಅಳಿಸಿ, ಅದೇ ಚಿಪ್ಪಿನ ಮೇಲೆ ಲಿನಕ್ಸ್ ಎಂಬ ಮುಕ್ತ ಸಾಫ್ಟ್‌ವೇರ್ ಕೂಡಿಸುವುದು. ಈ ಡಬ್ಬಿಗಳೆಲ್ಲ ಒಳಗೆ ಒಂದಲ್ಲ ಒಂದು ನಮೂನೆಯ ಲಿನಕ್ಸೇ ಓಡಿಸುತ್ತವೆ, ಹೊರಗೆ ಕಂಪನಿಯ ಅಂಗಿ ಅಷ್ಟೇ. ಹಾಗಾಗಿ ಡಿಸ್ಕಿನ ಬರಹ ಹೊಸದಕ್ಕೂ ತಿಳಿಯಬೇಕು ಎಂಬ ಧೈರ್ಯ ನನಗಿತ್ತು.

"ನಾಲ್ಕನೇ ಡಿಸ್ಕಿನ ದೀಪ ಕೆಂಪಗಿತ್ತೇನ್ರಿ ಮೊದಲೇ?"

"ಭಾಳ ದಿನ ಆತ್ರಿ. ಕೀಂ ಕೀಂ ಅಂತ ಒದರ್ತಿತ್ತು. ಗಿರಾಕಿ ಮುಂದ ಬ್ಯಾಸರ ಅಂತ ಸೌಂಡ್ ತಗದ್ವಿ."

ನನಗೆ ಸಿಟ್ಟು ನೆತ್ತಿಗೇರಿತು. "ಕಳ್ಳ ಬಂದಾನ ಅಂತ ನಾಯಿ ಬೊಗಳಿದ್ರ ನಾಯಿ ಬಾಯಿ ಕಟ್ಟಿದಂಗಾತಲ್ರಿ ಇದು!"

ನಾಲ್ಕು ಡಿಸ್ಕಿನ ಲೆಕ್ಕ ಹೀಗಿದೆ: ಒಂದು ಸತ್ತರೆ ಉಳಿದ ಮೂರು ಸೇರಿ ಅದರ ಪಾಲನ್ನು ತುಂಬಿಕೊಡುತ್ತವೆ. ಇನ್ನೊಂದು ಹೋದರೆ ಎಲ್ಲಾ ಹೋಯಿತು. ನಾಲ್ಕನೆಯದು ಆಗಲೇ ಸತ್ತಿತ್ತು. ಅಂದರೆ ಯವ್ವನ ದನಿ ಮೂರು ಡಿಸ್ಕಿನ ಮೇಲೆ ನಿಂತಿತ್ತು, ಆ ಮೂರರಲ್ಲಿ ಒಂದೂ ಮುನಿಸಿಕೊಳ್ಳುವ ಹಾಗಿರಲಿಲ್ಲ.

ಮಾಲಕರ ತಮ್ಮನ ಅಂಗಡಿ ಮಾನ್ವಿಯಲ್ಲಿ. ಅಲ್ಲಿ ಇದರದೇ ಜೋಡಿ ಡಬ್ಬಿ ಇತ್ತು, ಅದರಲ್ಲಿ ಬೇಕಾದದ್ದೇನೂ ಇರಲಿಲ್ಲ. ಮೊದಲು ಅದರ ಮೇಲೆ ಕೈ ಪಳಗಿಸಿಕೊಳ್ಳೋಣ ಅಂತ ಹೋದೆ. ಆ ತಮ್ಮನೋ, ಬಾಯಿಗೆ ಬಿಡುವು ಕೊಡದ ಮನುಷ್ಯ. ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿ ಮುಂದಿಟ್ಟು ಶುರು ಮಾಡಿದರು.

"ಕಂಪನಿದು ತಗದು ಪುಕ್ಕಟ್ಟೆದು ಹಾಕ್ತೀರೇನ್ರಿ? ಪುಕ್ಕಟ್ಟೆ ಸಿಕ್ಕಿದ್ದು ಎಷ್ಟು ದಿನ ಬಾಳ್ತದ?"

"ಪುಕ್ಕಟ್ಟೆ ಅಲ್ರಿ, ಮುಕ್ತ. ಒಳಗ ಏನು ಕುದ್ಯಾಕತ್ತದ ಅಂತ ಯಾರು ಬೇಕಾದ್ರೂ ಮುಚ್ಚಳ ಎತ್ತಿ ನೋಡಬಹುದು. ಕಂಪನಿದು ಮುಚ್ಚಿದ ಬೋಗುಣಿ. ತಳ ಹತ್ತಿದ್ರೂ ಗೊತ್ತಾಗಂಗಿಲ್ಲ."

ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಣ್ಣ ಪಿನ್ನುಗಳಿರುತ್ತವೆ. ಅವಕ್ಕೆ ಒಂದು ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಡಬ್ಬಿ ಏಳುವಾಗ ಏನೇನು ಗೊಣಗುತ್ತದೆ ಎಂಬುದು ನನ್ನ ಲ್ಯಾಪ್‌ಟಾಪಿನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಮೊದಲ ಸಲ ಪರದೆಯ ಮೇಲೆ ಒಂದಕ್ಷರವೂ ಬರಲಿಲ್ಲ. ಕಳಿಸುವ ತಂತಿಯನ್ನು ಕಳಿಸುವ ಪಿನ್ನಿಗೇ ಹಾಕಿದ್ದೆ. ಇಬ್ಬರ ಬಾಯಿ ಎದುರುಬದುರು ಆದರೆ ಕೇಳುವವರು ಯಾರು? ತಂತಿ ಅದಲುಬದಲು ಮಾಡಿದೆ. ಅಕ್ಷರ ಬಂದವು, ಆದರೆ ಕಸದಂತೆ. ಎರಡೂ ಕಡೆಯ ಮಾತಿನ ವೇಗ ಹೊಂದಿಸಿದ ಮೇಲೆ ಡಬ್ಬಿ ಚೊಕ್ಕ ಮಾತಾಡಿತು. ಅದು ಕಂಪನಿಯ ಸಾಫ್ಟ್‌ವೇರ್ ಎಬ್ಬಿಸುವ ಮುಂಚಿನ ಆ ಒಂದು ಗಳಿಗೆಯಲ್ಲಿ ಕೀ ಒತ್ತಿ ತಡೆದು, ನೆಟ್‌ವರ್ಕ್ ವೈರಿನ ಮೂಲಕ ನನ್ನ ಲ್ಯಾಪ್‌ಟಾಪಿನಿಂದ ಲಿನಕ್ಸನ್ನು ಎಳೆದುಕೋ ಅಂತ ಆಜ್ಞೆ ಕೊಟ್ಟೆ. ಎಳೆದುಕೊಂಡಿತು. ಚಿಪ್ಪಿನ ಮೇಲೆ ಬರೆಯಲು ಹಚ್ಚಿದೆ. ಬರೆಯುವುದು ಅರ್ಧ ಆಗಿತ್ತು, ಕರೆಂಟ್ ಹೋಯಿತು.

ಕರೆಂಟ್ ತಯಾರಾಗುವುದು ನಮ್ಮ ಜಿಲ್ಲೆಯಲ್ಲೇ, ಹೋಗುವುದೂ ನಮ್ಮಲ್ಲೇ. ಇನ್ವರ್ಟರ್ ಇತ್ತು, ಆದರೆ ತಮ್ಮ ಕೊಟ್ಟ ಪ್ಲಗ್ಗು ಇನ್ವರ್ಟರಿನದಾಗಿರಲಿಲ್ಲ.

"ಇನ್ವರ್ಟರ್ ಲೈನ್ ಕೇಳಿದ್ನಲ್ರಿ ನಾನು!"

"ಆ ಲೈನಿನಾಗ ಫ್ಯಾನ್ ಅದ್ರಿ. ನಿಮಗ ಸೆಕಿ ಆಗಬಾರ್ದು ಅಂತ..."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಪುಣ್ಯಕ್ಕೆ, ಡಬ್ಬಿಯನ್ನು ಎಬ್ಬಿಸುವ ಮೊದಲ ಸಣ್ಣ ಭಾಗವನ್ನು ನಾನು ಮುಟ್ಟಿರಲಿಲ್ಲ. ಅದೊಂದು ಜೀವಂತ ಇದ್ದರೆ ಮತ್ತೆ ಮೊದಲಿನಿಂದ ಹಚ್ಚಬಹುದು. ಕರೆಂಟ್ ಬಂದ ಮೇಲೆ ಹಚ್ಚಿದೆ, ಈ ಸಲ ಫ್ಯಾನ್ ಬಂದ್ ಮಾಡಿ, ಬೆವರುತ್ತಾ. ಡಬ್ಬಿ ಎದ್ದಿತು. ಲ್ಯಾಪ್‌ಟಾಪಿನಲ್ಲಿ ಅದರ ಸ್ಥಿತಿಗತಿ ತೋರಿಸುವ ಹೊಸ ಪುಟ ಮೂಡಿದಾಗ ತಮ್ಮ ಕೂಡ ಕುರ್ಚಿ ಎಳೆದುಕೊಂಡು ಬಂದು ನೋಡಿದರು.

ಮಾಲಕರು ಡಬ್ಬಿಯನ್ನು ಊರಿಗೆ ವಾಪಸ್ ಒಯ್ದಿದ್ದರು; ಡಿಸ್ಕುಗಳನ್ನು ಮತ್ತೊಮ್ಮೆ ಬಸ್ಸಿನಲ್ಲಿ ಕುಲುಕಿಸುವುದು ಬೇಡ ಅಂತ, ಮಾನ್ವಿಯಲ್ಲಿ ಕಲಿತ ಪಾಠ ಹಿಡಿದು ನಾನೇ ದೇವದುರ್ಗಕ್ಕೆ ಹೋದೆ. ನಾಲ್ಕೂ ಡಿಸ್ಕ್ ಹೊರಗೆ ಎಳೆದು, ಒಂದೊಂದೂ ಕೂಡುವ ತಟ್ಟೆಗೆ ಮಾರ್ಕರಿನಲ್ಲಿ ನಂಬರ್ ಬರೆದು ಬದಿಗಿಟ್ಟೆ. ಸಾಫ್ಟ್‌ವೇರ್ ಕೂಡಿಸುವಾಗ ಡಿಸ್ಕ್ ಒಳಗೆ ಇರಲೇಬಾರದು. ತಪ್ಪಿ ಒಂದು ಗುಂಡಿ ಒತ್ತಿದರೂ ಅವಕ್ಕೆ ತಾಗಬಾರದು ಅಂತ. ಚಿಪ್ಪಿನಲ್ಲಿದ್ದ ಹಳೆಯದನ್ನೆಲ್ಲ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಂಡೆ. ಯುಪಿಎಸ್ ನನ್ನ ಅಂಗಡಿಯದನ್ನೇ ಹೊತ್ತು ತಂದಿದ್ದೆ. ಈ ಸಲ ಅಡ್ಡಿಯಿಲ್ಲದೆ ಮುಗಿಯಿತು. ಡಬ್ಬಿ ಬಂದ್ ಮಾಡಿ, ಸತ್ತ ನಾಲ್ಕನೆಯದನ್ನು ಬಿಟ್ಟು ಮೂರು ಡಿಸ್ಕ್ ಒಳಗೆ ದೂಡಿ, ಮತ್ತೆ ಚಾಲೂ ಮಾಡಿದೆ. ಹೊಸ ಲಿನಕ್ಸ್ ಅವುಗಳ ಗುರುತು ಹಿಡಿಯಿತು.

ಇಲ್ಲಿ ಮಾಲಕರಿಗೂ ನನಗೂ ಜಟಾಪಟಿ ಆಯಿತು. ಅವರು ನಾಲ್ಕನೆಯದಕ್ಕೆ ಹೊಸ ಡಿಸ್ಕ್ ತಂದಿಟ್ಟಿದ್ದರು. ಅದನ್ನು ಹಾಕಿ, ಪುಟದಲ್ಲಿದ್ದ ‘ಸರಿಪಡಿಸು’ ಗುಂಡಿ ಒತ್ತಿ ಮೊದಲು ಡಬ್ಬಿ ಪೂರಾ ಆರಾಮ ಮಾಡಿಬಿಡ್ರಿ ಅಂತ ಅವರು. ನಾನು ಒಪ್ಪಲಿಲ್ಲ. ಎರಡನೇ ಡಿಸ್ಕಿನ ಆರೋಗ್ಯ ಅಷ್ಟು ಚೆನ್ನಾಗಿರಲಿಲ್ಲ. ಸರಿಪಡಿಸುವುದು ಅಂದರೆ ಮೂರನ್ನೂ ತಳದವರೆಗೆ ಓದಿ, ಲೆಕ್ಕ ಹಾಕಿ, ಹೊಸದರ ಮೇಲೆ ಬರೆಯುವುದು. ಮುದುಕರ ತಲೆ ಮೇಲೆ ಜೋಳದ ಚೀಲ ಹೊರಿಸಿದ ಹಾಗೆ.

"ಮೊದಲು ಯವ್ವನ ವಿಡಿಯೋ ಹೊರಗ ಬರ್ಲಿ. ಡಬ್ಬಿ ಆಮ್ಯಾಗ ನೋಡೋಣು," ಅಂದೆ.

ಮೂರೂ ಡಿಸ್ಕನ್ನು ‘ಬರೀ ಓದು, ಒಂದಕ್ಷರ ಬರೆಯಬೇಡ’ ಎಂಬ ಕಟ್ಟಿನಲ್ಲಿ ಜೋಡಿಸಿದೆ. ಆ ಹೊತ್ತಿಗೆ ಅದು ನನಗೆ ಬರೀ ಎಚ್ಚರಿಕೆ. ಅದೇ ನಮ್ಮನ್ನು ಕಾಯುತ್ತದೆ ಅಂತ ಗೊತ್ತಿರಲಿಲ್ಲ. ಹೊಸ ಡಿಸ್ಕನ್ನು ಹೊರಗಿನಿಂದ ಸಿಕ್ಕಿಸಿ, ಕಚ್ಚಾ ವಿಡಿಯೋ ನಕಲಾಗಲು ಹಚ್ಚಿದೆ. ಬಹಳ ಹೊತ್ತಿನ ಕೆಲಸ. ನಾನು ನನ್ನ ಅಂಗಡಿ ಬಾಗಿಲು ಹಾಕಿ ಬಂದಿದ್ದೆ. ಮುಟ್ಟಬೇಡಿ, ನೋಡಿಕೊಳ್ಳಿ ಅಂತ ಹೇಳಿ ಸಂಜೆಯ ಬಸ್ಸಿಗೆ ರಾಯಚೂರಿಗೆ ಹೊರಟೆ.

ಮರುದಿನ ಬೆಳಿಗ್ಗೆ ಮಾಲಕರ ಫೋನು. "ಅಕ್ಕಾರ, ಕಾಪಿ ಆಗೋದು ಭಾಳ ನಿಧಾನ ಆಗ್ಯದ್ರಿ."

ನನಗೆ ಎರಡನೆಯದರ ಮೇಲೇ ಗುಮಾನಿ. ಪುಟದಲ್ಲಿ ಒಂದೊಂದು ಡಿಸ್ಕಿಗೂ ಒಂದೊಂದು ವರದಿ ಇರುತ್ತದೆ. ಹೆಸರಿನ ಮೇಲೆ ಒತ್ತಿದರೆ ತೆರೆಯುತ್ತದೆ. "ಎರಡನೇ ಡಿಸ್ಕ್ ತಗೀರಿ," ಅಂದೆ. "ಅಲ್ಲಿ ಏನು ಬರ್ದದ, ಓದಿ ಹೇಳ್ರಿ."

ಆ ಕಡೆ ಖಟಕ್ ಅಂತ ಒಂದು ಸಪ್ಪಳ ಕೇಳಿಸಿತು.

"ತಗದೆ ನೋಡ್ರಿ. ಬಿಸಿ ಅದ್ರಿ ಅಕ್ಕಾರ, ಕೈಯಾಗ ಹಿಡಿಯಾಕ ಆಗವಲ್ದು. ಎರಡು ಅಂತ ನೀವೇ ಬರದೀರಲ್ಲ, ಅದನ್ನ ಬಿಟ್ಟು ಮತ್ತೇನು ಓದ್ಲಿ?"

ಯಪ್ಪಾ! ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಬಿದ್ದೇ ಹೋಯಿತು. ಆಸರೆಯಾಗಿ ಉಳಿದಿದ್ದ ಮೂರು ಡಿಸ್ಕಿನಲ್ಲಿ ಒಂದನ್ನು, ಓಡುತ್ತಿರುವಾಗಲೇ, ಮನುಷ್ಯ ಹೊರಗೆ ಎಳೆದು ಕೈಯಲ್ಲಿ ಹಿಡಿದು ನಿಂತಿದ್ದ!

"ಪುಟ ತಗೀರಿ ಅಂದೆ ನಾನು! ಡಿಸ್ಕ್ ಯಾಕ ತಗದ್ರಿ?"

"ನೀವೇ ಅಂದ್ರಿ, ಡಿಸ್ಕ್ ತಗೀರಿ ಅಂತ..."

ಅಂದಿದ್ದೆ. ಅವರದೇನು ತಪ್ಪು? ನಾನು ಅಂದದ್ದನ್ನೇ ಅವರು ಮಾಡಿದ್ದರು.

"ಈಗ ಪುಟದಾಗ ಕೆಂಪು ಬಂದದ್ರಿ. ‘ಹೊಸದಾಗಿ ಮಾಡು’ ಅಂತ ಒಂದು ಗುಂಡಿ ತೋರಿಸಾಕತ್ತದ. ಡಿಸ್ಕ್ ವಾಪಸ್ ಹಾಕಿ ಅದನ್ನ ಒತ್ಲೇನ್ರಿ?"

"ಬ್ಯಾಡ್ರಿ! ಏನೂ ಒತ್ತಬ್ಯಾಡ್ರಿ, ಏನೂ ಹಾಕಬ್ಯಾಡ್ರಿ. ಹಿಂದಿನ ಸ್ವಿಚ್ ಬಂದ್ ಮಾಡ್ರಿ. ಆ ಡಿಸ್ಕ್ ಟವೆಲ್ ಮ್ಯಾಲ ಇಡ್ರಿ. ನಾ ಬರಾಕತ್ತೀನಿ."

ಬಸ್ಸಿನಲ್ಲಿ ಕಿಟಕಿ ಬದಿಗೆ ಕೂತೆ. ಎರಡೂ ಬದಿ ಹತ್ತಿ ಹೊಲ, ಭತ್ತದ ಗದ್ದೆ, ಯಾವುದೂ ಕಣ್ಣಿಗೆ ಹತ್ತಲಿಲ್ಲ. ತಲೆಯಲ್ಲಿ ಅದೊಂದೇ ಶಬ್ದ ತಿರುಗುತ್ತಿತ್ತು. ಬಾಗಿಲ ತಗಿ ಅಂದರೆ ತೆರೆಯಬೇಕು. ಲೈಟ್ ತಗಿ ಅಂದರೆ ಆರಿಸಬೇಕು. ಫೋಟೋ ತಗಿ ಅಂದರೆ ಹೊಸದೊಂದು ಹುಟ್ಟಬೇಕು, ಸೌಂಡ್ ತಗಿ ಅಂದರೆ ಇದ್ದದ್ದು ಸಾಯಬೇಕು. ಹುಟ್ಟಿದಾಗಿನಿಂದ ಆಡುತ್ತಾ ಬಂದಿದ್ದೇವೆ, ಒಮ್ಮೆಯೂ ಎಡವಿರಲಿಲ್ಲ. ಎದುರಿಗೆ ಬಾಗಿಲೋ ದೀಪವೋ ಇರುತ್ತದಲ್ಲ, ಅದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಫೋನಿನಲ್ಲಿ ನನ್ನ ಎದುರಿಗೆ ಪುಟ ಇತ್ತು, ಅವರ ಎದುರಿಗೆ ಡಬ್ಬಿ ಇತ್ತು. ಲಿನಕ್ಸಿಗೆ ಆಜ್ಞೆ ಕೊಡುವಾಗ ಒಂದು ಚುಕ್ಕೆ ಆಚೀಚೆ ಆಗದಂತೆ ನೋಡುವವಳು, ಮನುಷ್ಯರ ಜೊತೆ ಮಾತಾಡುವಾಗ ಬಾಯಿಗೆ ಬಂದಂತೆ ಅಂದುಬಿಟ್ಟೆನಲ್ಲ ಅಂತ ನನ್ನನ್ನೇ ಬೈದುಕೊಂಡೆ. ಆ ಯವ್ವನ ಮುಖ ನಾನು ನೋಡಿರಲೂ ಇಲ್ಲ. ಆದರೂ ಆಕೆಯ ಮಗಳಿಗೆ ಏನು ಹೇಳಲಿ ಎಂಬುದೇ ದೊಡ್ಡ ಭಾರವಾಗಿತ್ತು.

ಮಾಲಕರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಡಿಸ್ಕನ್ನು ಟವೆಲಿನ ಮೇಲೆ ಇಟ್ಟು, ಅದರ ಮುಂದೆಯೇ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಆಕಿ ದನಿ ಎರಡನೇ ಸಲ ಕಳದ್ನೇನ್ರಿ ಅಕ್ಕಾರ ನಾನು? ಎಡಿಟ್ ಮಾಡುವಾಗ ಒಮ್ಮೆ, ಈಗ ಒಮ್ಮೆ." ಕಣ್ಣಲ್ಲಿ ನೀರು ತುಂಬಿತ್ತು.

"ಮೊದಲು ಚಾ ಕುಡೀರಿ. ಕಳದದೋ ಇಲ್ಲೋ, ಡಿಸ್ಕಿಗೇ ಕೇಳೋಣು."

ಅದು ಬರೀ ಸಮಾಧಾನದ ಮಾತಲ್ಲ. ಒಂದೊಂದು ಡಿಸ್ಕಿನ ಅಂಚಿನಲ್ಲಿ ಒಂದು ಸಣ್ಣ ಬರಹ ಇರುತ್ತದೆ: ನಾನು ಈ ಗುಂಪಿನವ, ಸಾಲಿನಲ್ಲಿ ಇಷ್ಟನೆಯವ, ಗುಂಪಿನಲ್ಲಿ ಇಷ್ಟನೇ ಬದಲಾವಣೆ ಆಗುವವರೆಗೆ ಹಾಜರಿದ್ದೆ. ಆ ಕೊನೆಯ ಅಂಕಿ ಎಲ್ಲರದೂ ಒಂದೇ ಆದರೆ ಎಲ್ಲರೂ ಒಂದೇ ಗಳಿಗೆಯಲ್ಲಿ ನಿಂತಿದ್ದಾರೆ ಅಂತ ಅರ್ಥ. ಕಂಪನಿಯ ಹಳೆ ಸಾಫ್ಟ್‌ವೇರ್ ಇದನ್ನು ಯಾವತ್ತೂ ತೋರಿಸುತ್ತಿರಲಿಲ್ಲ. ಡಿಸ್ಕ್ ಹಾಳಾಗಿದೆ, ಎಲ್ಲ ಅಳಿಸಲೇ ಅಂತ ಮಾತ್ರ ಕೇಳುತ್ತಿತ್ತು. ಈಗ ಮುಚ್ಚಳ ಎತ್ತಿ ನೋಡುವ ಹಕ್ಕು ನಮ್ಮ ಕೈಯಲ್ಲಿತ್ತು.

ಡಬ್ಬಿ ಬಂದ್ ಇದ್ದಾಗಲೇ ಎರಡನೆಯದನ್ನು ಮೆಲ್ಲಗೆ ಅದರ ಜಾಗಕ್ಕೆ ದೂಡಿ, ಆಮೇಲೆ ಚಾಲೂ ಮಾಡಿದೆ. ಜೋಡಿಸು ಅನ್ನಲಿಲ್ಲ. ನಿನ್ನದೇನು ಹೇಳು ಅಂತ ಮಾತ್ರ ಒಂದೊಂದಕ್ಕೇ ಕೇಳಿದೆ. ಒಂದನೆಯದು ಅಂಕಿ ಹೇಳಿತು. ಮೂರನೆಯದು ಅದೇ ಅಂಕಿ ಹೇಳಿತು. ಎರಡನೆಯದಕ್ಕೂ ಅದನ್ನೇ ಕೇಳಿ ಎಂಟರ್ ಒತ್ತಿದೆ.

ಅದೇ ಅಂಕಿ.

ಬರೆಯಬೇಡ ಅಂತ ಕಟ್ಟಿ ಹಾಕಿದ್ದೆನಲ್ಲ, ಹಾಗಾಗಿ ಎರಡನೆಯದು ಹೊರಗೆ ಬಂದದ್ದನ್ನು ಉಳಿದೆರಡು ಎಲ್ಲಿಯೂ ಬರೆದುಕೊಂಡಿರಲಿಲ್ಲ. ಅವುಗಳ ಪಾಲಿಗೆ ಯಾರೂ ಎದ್ದು ಹೋಗಿರಲೇ ಇಲ್ಲ. ಜೋಡಿಸು ಅಂದೆ, ಮತ್ತೆ ಬರೀ ಓದುವ ಕಟ್ಟಿನಲ್ಲೇ. ತಂಟೆಯಿಲ್ಲದೆ ಜೋಡಿಸಿಕೊಂಡವು. ಮಾಲಕರಿಗೆ ಅಂಕಿಯ ಸಂಗತಿ ತಿಳಿಯಲಿಲ್ಲ, ಆದರೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು.

ಈ ಸಲ ಎಲ್ಲ ಒಮ್ಮೆಲೇ ನಕಲು ಮಾಡಲಿಲ್ಲ. "ಯವ್ವ ಹಾಡಿದ ಮದುವಿ ಯಾವ್ಯಾವ, ನೆನಪು ಮಾಡ್ರಿ," ಅಂದೆ. ಅವರು ಕಣ್ಣು ಮುಚ್ಚಿ ಊರು ಹೇಳುತ್ತಾ ಹೋದರು: ಕುರ್ಡಿ, ಹಿರೇಕೊಟ್ನೆಕಲ್, ಮತ್ತೆ ಕುರ್ಡಿ. ನಾನು ಒಂದೊಂದೇ ಮದುವೆಯನ್ನು ಹೊರಗೆ ಇಳಿಸುತ್ತಾ ಹೋದೆ. ಎರಡನೇ ಡಿಸ್ಕ್ ನಡುನಡುವೆ ಏದುಸಿರು ಬಿಡುತ್ತಿತ್ತು. ಬಿಡುವು ಕೊಟ್ಟು, ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿ, ಮತ್ತೆ ಹಚ್ಚಿದೆ. ಹಿರೇಕೊಟ್ನೆಕಲ್ಲಿನ ಒಂದು ಮದುವೆಯ ಅರಿಶಿಣದ ಭಾಗ ಎಷ್ಟು ಮಾಡಿದರೂ ಬರಲಿಲ್ಲ. ಅದು ಹೋಯಿತು. ಅದರ ಸಂಕಟ ಈಗಲೂ ಇದೆ. ಉಳಿದದ್ದು ಬಂತು. ಅವತ್ತು ನಾವಿಬ್ಬರೂ ಒಬ್ಬರಿಗೊಬ್ಬರು ‘ತಗಿ’ ಅನ್ನಲಿಲ್ಲ. ಕಳಚ್ರಿ, ಒತ್ರಿ, ತೋರಸ್ರಿ ಅಂತ ಬಿಡಿಸಿ ಬಿಡಿಸಿ ಹೇಳಿದೆವು.

ಕೆಲವು ದಿನಗಳ ಮೇಲೆ, ಕುರ್ಡಿಗೆ ಹತ್ತಿರ ಅಂತ, ಮಾನ್ವಿಯ ಅಂಗಡಿಯಲ್ಲೇ ಎಲ್ಲರೂ ಸೇರಿದೆವು. ಮಗಳು ಯವ್ವನನ್ನು ಕೈ ಹಿಡಿದು ಕರೆತಂದಳು. ಎತ್ತರದ ಹೆಂಗಸು. ಕುತ್ತಿಗೆಗೆ ಬಿಳಿ ಅರಿವೆ ಸುತ್ತಿತ್ತು. ಕುರ್ಚಿಯ ತುದಿಗೆ, ಎದ್ದು ಹೋಗುವವರ ಹಾಗೆ ಕೂತರು. ಮಾಲಕರು ಹಚ್ಚಲು ಹೆದರಿ ಮೌಸ್ ನನ್ನ ಕಡೆ ಸರಿಸಿದರು.

ಕುರ್ಡಿಯ ಮದುವೆ ಹಚ್ಚಿದೆ. ಮೊದಲು ಬರೀ ಗದ್ದಲ. ತಂಬಿಗೆಯ ಸಪ್ಪಳ, ಕೂಸಿನ ಅಳು, ಎಣ್ಣೆ ತರ್ರಿ ಅಂತ ಯಾರೋ ಕೂಗಿದ್ದು. ಆಮೇಲೆ ಹತ್ತಿರದಲ್ಲೇ ಒಂದು ಹೆಣ್ಣುದನಿ: "ಯವ್ವಾ, ಸುಮ್ನ ಯಾಕ ಕುಂತಿಬೇ? ದನಿ ತಗಿ."

"ಇದು ನಾನ್ರೀ!" ಅಂತ ಮಗಳು ಬೆಚ್ಚಿಬಿದ್ದಳು.

ವಿಡಿಯೋದಲ್ಲಿ ಯವ್ವ ಒಮ್ಮೆ ಕೆಮ್ಮಿ, ದನಿ ತೆಗೆದರು. ಇಂಪಾದ ದನಿ ಅಲ್ಲ ಅದು, ಗಡಸು ದನಿ, ಹೊಲದ ಆ ದಂಡೆಗೆ ಮುಟ್ಟುವಂಥದ್ದು. ಮದುಮಗಳ ಹೆಸರು ಹಿಡಿದು ಹಾಡಿದರು, ಬೀಗಿತ್ತಿಯನ್ನು ಕಾಡಿದರು, ಸುತ್ತಲ ಹೆಂಗಸರು ನಕ್ಕರು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಯವ್ವ ಅಳಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಗಟ್ಟಿಯಾಗಿ ಕೂತರು. ತೊಡೆಯ ಮೇಲೆ ಕೈ ತಾಳ ಹಾಕತೊಡಗಿತು.

ಆಮೇಲೆ ನನ್ನ ಕಡೆ ತಿರುಗಿ ತುಟಿ ಆಡಿಸಿದರು. ಉಸಿರು ಮಾತ್ರ ಬಂತು. ಆದರೂ ಆ ಶಬ್ದ ನನಗೆ ತಿಳಿಯದೆ ಇರುತ್ತದೆಯೇ? ‘ತಗಿ’ ಅಂದಿದ್ದರು.

ಕೈ ಮೌಸಿಗೆ ಹೋದದ್ದು ಅಲ್ಲೇ ನಿಂತಿತು. ಮಾಲಕರೂ ನನ್ನನ್ನೇ ನೋಡುತ್ತಿದ್ದರು.

"ಯಾವ ತಗಿ ಯವ್ವಾ?" ಅಂತ ಕೇಳಿದೆ. "ಬಂದ್ ಮಾಡ್ಲೇನು, ಏರಸ್ಲೇನು?"

ಇಂಥ ಹುಚ್ಚಿ ಎಲ್ಲಿಂದ ಬಂದಳು ಎಂಬಂತೆ ನನ್ನನ್ನು ನೋಡಿ, ಯವ್ವ ಅಂಗೈಯನ್ನು ಮೊಣಕಾಲಿನಿಂದ ತಲೆಯ ಮೇಲಿನವರೆಗೆ ಎತ್ತಿ ತೋರಿಸಿದರು.

ಸ್ಪೀಕರಿನಲ್ಲಿ ಎಷ್ಟಿತ್ತೋ ಅಷ್ಟನ್ನೂ ಏರಿಸಿದೆ. ಅಂಗಡಿಯ ಗಾಜುಗಳು ಗಡಗಡ ಅಂದವು. ರಸ್ತೆಯ ಆ ಬದಿಯ ಕಿರಾಣಿ ಅಂಗಡಿಯಾಕೆ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಒಳಗೆ ನೋಡುತ್ತಾ ಕೂಗಿದಳು: "ಯಾರ್ರೀ ಅದು, ಹಾಡಾಕತ್ತೋರು?"

ನಾವು ಯಾರೂ ಬಾಯಿ ತೆರೆಯುವ ಮೊದಲೇ ಯವ್ವ ಎದ್ದು ಬಾಗಿಲಿಗೆ ಹೋಗಿ, ತಮ್ಮ ಎದೆ ತಟ್ಟಿ ತೋರಿಸಿದರು.